ಮಾತೆಗೆ ಸೀರೆ ಉಡಿಸುವ ಕೈ

ಶಿಕಾರಿಪುರ
ಆಗಸ್ಟ್ 3, 2025

ಸೊರಬದ ಪತ್ತೇದಾರರಿಗೆ,

ನಾನು ವನಜಕ್ಕನ ಮನೆಗೆ ಬಂದು ಸೇರಿದ್ದೇನೆ. ಹುಡುಕಿಸಬೇಡಿ ಎಂದು ಹೇಳುವುದಕ್ಕೇ ಈ ಪತ್ರ. ನಿಮ್ಮ ನಂಬರ್ ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನೀವು ಕೇಳುವುದು ಎರಡೇ ಮಾತು, ಎಲ್ಲಿದ್ದೀಯ ಮತ್ತು ಹಿಂದೆ ಕೇಳಿಸಿದ್ದು ಯಾರ ದನಿ. ಪತ್ರದಲ್ಲಿ ಹಿಂದಿನ ದನಿ ಕೇಳಿಸುವುದಿಲ್ಲ. ಹೇಳುವುದೇನಿದ್ದರೂ ಬರೆಯಿರಿ.

ಮೊನ್ನೆ ಸಂತೆಯಲ್ಲಿ ಕಬ್ಬಿನಹಾಲಿನ ಗಾಡಿಯ ಹಿಂದೆ ಮುಖಕ್ಕೆ ಪೇಪರ್ ಅಡ್ಡ ಹಿಡಿದು ನಿಂತಿದ್ದಿರಲ್ಲ, ಆ ಚಪ್ಪಲಿ ನನಗೆ ಗೊತ್ತಿಲ್ಲವೇ? ಅದರ ಬಾರು ಕಿತ್ತಾಗ ಹೊಲಿಸಿ ತಂದವಳು ನಾನು. ಗಾಡಿಯವನು, "ಅಕ್ಕಾ, ಯಜಮಾನ್ರು ನಿಮ್ಮ ಹಿಂದೇ ಇದಾರೆ, ಅವರಿಗೂ ಒಂದು ಗ್ಲಾಸ್ ಕೊಡ್ಲಾ?" ಎಂದ. ನನಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು.

ಮದುವೆಗೆ ಮುಂಚೆ ಗಂಡು ಹೇಗೆ, ಹೆಣ್ಣು ಹೇಗೆ ಎಂದು ಗುಟ್ಟಾಗಿ ವಿಚಾರಿಸಿ ಹೇಳುವುದು ನಿಮ್ಮ ಕಸುಬು. ನನ್ನನ್ನು ಮೊದಲು ನೋಡಿದ್ದೂ ಹಾಗೆಯೇ, ಆನವಟ್ಟಿಯ ಬೇರೊಂದು ಗಂಡಿನ ಪರವಾಗಿ. ಅವರಿಗೆ ವರದಿ ಒಪ್ಪಿಸಿ, ಅವರು ತಡಮಾಡಿದಾಗ ನೀವೇ ಕೇಳಿಕೊಂಡು ಬಂದಿರಿ. ಆಗ ನಮ್ಮ ಮನೆಯವರೆಲ್ಲ ನಕ್ಕಿದ್ದರು, ನಾನೂ ನಕ್ಕಿದ್ದೆ. ಆದರೆ ತಾಳಿ ಕಟ್ಟಿದ ಮೇಲೂ ನಿಮ್ಮ ವಿಚಾರಣೆ ಮುಗಿಯಲಿಲ್ಲ.

ನನ್ನ ಷರತ್ತು ಇಷ್ಟೇ. ದೀಪಾವಳಿಯವರೆಗೆ ನೀವು ಶಿಕಾರಿಪುರಕ್ಕೆ ಕಾಲಿಡಬಾರದು, ಬೇರೆ ಯಾರನ್ನೂ ನೋಡಿ ಬಾ ಎಂದು ಕಳಿಸಬಾರದು. ಇದೊಂದು ನಡೆಸಿಕೊಟ್ಟರೆ ಹಬ್ಬಕ್ಕೆ ನಾನಾಗಿಯೇ ಮನೆಗೆ ಬರುತ್ತೇನೆ, ಮತ್ತೆ ಹೀಗೆ ಹೊರಡುವುದಿಲ್ಲ. ತಪ್ಪಿದರೆ ಬರುವುದೇ ಇಲ್ಲ.

ಇಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅಂಗಡಿ ನವೀನ್ ಎನ್ನುವವರದು. ಬೇರೆಯವರಿಂದ ತಿಳಿಯುವ ಬದಲು ನನ್ನಿಂದಲೇ ತಿಳಿಯಲಿ ಎಂದು ಬರೆದೆ.

ಇಂತಿ,
ನಾಗವೇಣಿ


ಸೊರಬ
ಆಗಸ್ಟ್ 9, 2025

ನಾಗವೇಣಿ,

ನಿನ್ನ ಪತ್ರ ಬಂತು. ಅಂಚೆಯವನು ಕೈಗೆ ಕೊಡುತ್ತಾ, "ಅಕ್ಕಾರು ಊರಲ್ಲಿಲ್ವಾ ಸಾರ್?" ಎಂದ. ನೀನು ಊರಲ್ಲಿರುವುದು ಬಿಡುವುದು ಅವನಿಗೇಕೆ?

ಗಾಡಿಯ ಹಿಂದೆ ನಾನು ನಿಂತದ್ದು ಬೇರೆ ಕೇಸಿನ ಮೇಲೆ. ನೀನು ನಂಬುವುದಿಲ್ಲ, ಇರಲಿ. ಷರತ್ತಿಗೆ ಒಪ್ಪಿದ್ದೇನೆ. ಆದರೆ ಕನ್ನಡಕದ ಅಂಗಡಿಯೇ ಆಗಬೇಕಿತ್ತೇ? ದಿನಸಿ ಅಂಗಡಿ ಇರಲಿಲ್ಲವೇ, ಜೆರಾಕ್ಸ್ ಅಂಗಡಿ ಇರಲಿಲ್ಲವೇ? ಹೆಂಗಸರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಗಂಡಸು ಅವನು. ಕಿವಿಗೆ ಕಡ್ಡಿ ಸಿಕ್ಕಿಸಿ, ಮೂಗಿನ ಮೇಲೆ ಸರಿಮಾಡಿ, "ಈಗ ಕಾಣ್ತದಾ ಮೇಡಂ?" ಎನ್ನುತ್ತಾನಲ್ಲ, ನೆನೆಸಿಕೊಂಡರೆ ಅನ್ನ ಸೇರುವುದಿಲ್ಲ. ನವೀನ್‌ಗೆ ವಯಸ್ಸೆಷ್ಟು? ಮದುವೆಯಾಗಿದೆಯೇ? ಇಷ್ಟು ತಿಳಿಸಿದರೆ ಸಾಕು. ಇದು ಹಿಂಬಾಲಿಸುವುದಲ್ಲ, ಬರೀ ಕೇಳುವುದು.

ನನಗೂ ಒಂದು ದೊಡ್ಡ ಕೇಸ್ ಬಂದಿದೆ. ಚಂದ್ರಗುತ್ತಿ ರಸ್ತೆಯಲ್ಲಿ ಮಾತೆಯ ಪುಟ್ಟ ಚರ್ಚ್ ಇದೆಯಲ್ಲ, ಅಲ್ಲಿಯ ಫಾದರ್ ಇನ್ನಾಸಪ್ಪ ತಾವೇ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದರು. ಆಳೆತ್ತರದ ಮರಿಯಮ್ಮನವರ ಮೂರ್ತಿಗೆ ಅಲ್ಲಿ ಸೀರೆ ಉಡಿಸುತ್ತಾರೆ. ಕ್ರೈಸ್ತರು ಕೊಡುತ್ತಾರೆ, ನಮ್ಮವರೂ ಹರಕೆ ಹೊತ್ತು ಕೊಡುತ್ತಾರೆ. ನಿಮ್ಮಕ್ಕನಿಗೆ ಆಪರೇಷನ್ ಆದಾಗ ನೀನೂ ಹಸಿರು ಸೀರೆ ಕೊಟ್ಟಿದ್ದೆ. ಚರ್ಚ್ ನೋಡಿಕೊಳ್ಳುವ ಚಿನ್ನಪ್ಪ ಶನಿವಾರ ಶನಿವಾರ ಹೊಸದನ್ನು ಉಡಿಸುತ್ತಾನೆ.

ಮಳೆಗಾಲ ಶುರುವಾದಾಗಿನಿಂದ ಆ ಸೀರೆಗಳ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ. ಮೊದಲು ಸೆರಗನ್ನು ಕತ್ತರಿಯಲ್ಲಿ ಸೀಳಿದ್ದರು. ಆಮೇಲೊಮ್ಮೆ ಇಡೀ ಸೀರೆ ಹಿತ್ತಲ ಬಾವಿಯಲ್ಲಿ ಸಿಕ್ಕಿತು. ಹೋದ ವಾರ ಮೂರ್ತಿಯ ಮುಂದಿನ ಗಾಜಿನ ಬಾಗಿಲನ್ನೇ ಒಡೆದಿದ್ದಾರೆ. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಟಿವಿಯವರು ಬರ್ತಾರೆ ಮಾಲತೇಶಣ್ಣ," ಎಂದರು ಫಾದರ್. "ಆಮೇಲೆ ಯಾವ ಊರಿನವರೋ ಬಂದು ಯಾರ ಮನೆಗೋ ಕಲ್ಲು ಹೊಡೀತಾರೆ. ಹಬ್ಬ ಸೆಪ್ಟೆಂಬರ್ ಎಂಟಕ್ಕೆ. ಅಷ್ಟರೊಳಗೆ ಸದ್ದಿಲ್ಲದಂಗೆ ಹುಡುಕಿ ಕೊಡಿ."

ಫಾದರ್ ಒಳ್ಳೆಯ ಮನುಷ್ಯ. ನಿನ್ನನ್ನೂ ವಿಚಾರಿಸಿದರು. ಹೆಸರು ಹಿಡಿದು ವಿಚಾರಿಸಿದರು, ಅದೇಕೋ.

ನಿನ್ನ,
ಮಾಲತೇಶ


ಶಿಕಾರಿಪುರ
ಆಗಸ್ಟ್ 14, 2025

ಪತ್ತೇದಾರರಿಗೆ,

ನವೀನ್ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಕೊಟ್ಟರೆ, ಕೇಳಿದ್ದು ಸರಿ ಎಂದು ನಾನೇ ಒಪ್ಪಿದಂತಾಗುತ್ತದೆ.

ಫಾದರ್ ಹೆಸರು ಹಿಡಿದು ವಿಚಾರಿಸಿದ್ದು ನಾನು ಹಸಿರು ಸೀರೆ ಕೊಟ್ಟಿದ್ದರಿಂದ. ಅವರಿಗೆ ಎಪ್ಪತ್ತು ದಾಟಿದೆ. ಅವರನ್ನಾದರೂ ಬಿಡಿ.

ಸೀರೆಯ ವಿಷಯ ಓದಿ ಸಂಕಟವಾಯಿತು. ಏನಾಯಿತೆಂದು ಬರೆಯಿರಿ. ಅದನ್ನು ಮಾತ್ರ ಬರೆಯಿರಿ.

ನಾಗವೇಣಿ


ಸೊರಬ
ಆಗಸ್ಟ್ 19, 2025

ನಾಗವೇಣಿ,

ಕಳ್ಳ ಸಿಕ್ಕಿದ ಹಾಗೆಯೇ. ಟೈಲರ್ ಗೌಸ್!

ಮೂರ್ತಿಯ ರವಿಕೆ, ಮೇಲಿನ ಜರಿ ಹೊದಿಕೆ ಎಲ್ಲ ಹೊಲಿಯುವವನು ಅವನೇ. ಅಳತೆಗೆಂದು ಒಳಗೆ ಬಂದು ಹೋಗುತ್ತಾನೆ. ಕೈಯಲ್ಲಿ ಸದಾ ಕತ್ತರಿ. ಸೀಳಿದ ಸೆರಗನ್ನು ನೋಡಿದೆ, ಅಂಚು ನೇರವಾಗಿದೆ, ಕತ್ತರಿ ಹಿಡಿದು ಪಳಗಿದವರ ಕೆಲಸ. ಎರಡು ದಿನ ಅವನ ಅಂಗಡಿಯ ಎದುರಿಗೆ ಕೂತು ನೋಡಿದ್ದೇನೆ. ಟೇಪನ್ನು ಕೊರಳಿಗೆ ಸುತ್ತಿಕೊಂಡು ಹೆಂಗಸರ ಜೊತೆ ನಗುನಗುತ್ತಾ ಮಾತಾಡುತ್ತಾನೆ. ತೋಳು ಇಷ್ಟಿರಲಿ, ಬೆನ್ನು ಇಷ್ಟಿರಲಿ ಎಂದು ಅವರೂ ನಿಂತು ಹೇಳುತ್ತಾರೆ. ಇಂಥವನ ಮೇಲೆ ಅನುಮಾನ ಬರದೆ ಇನ್ನಾರ ಮೇಲೆ ಬರಬೇಕು?

ನಾನು ಕೂತದ್ದನ್ನು ನೋಡಿ ಜನರೂ ಗುಸುಗುಸು ಶುರುಮಾಡಿದ್ದಾರೆ. ಕೆಲವರು ಕೊಟ್ಟಿದ್ದ ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಹೋದರಂತೆ.

ನಿನ್ನ,
ಮಾಲತೇಶ


ಶಿಕಾರಿಪುರ
ಆಗಸ್ಟ್ 23, 2025

ಇವರೇ,

ಗೌಸಣ್ಣನ ಮೇಲೆ ನಿಮಗೆ ಅನುಮಾನ ಬಂದದ್ದು ಚರ್ಚಿನಿಂದಲ್ಲ, ನನ್ನ ರವಿಕೆಯಿಂದ. ಮದುವೆಯಾದಾಗಿನಿಂದ ನನ್ನ ರವಿಕೆ ಹೊಲಿಯುವವರು ಅವರು. ಅಳತೆ ತೆಗೆಯುವವಳು ಅವರ ಹೆಂಡತಿ ಯಾಸ್ಮೀನ್ ಎಂದು ಎಷ್ಟು ಸಲ ಹೇಳಿಲ್ಲ? ಇದು ನಮ್ಮ ಮನೆಯೊಳಗಿದ್ದಾಗ ಬರೀ ನನಗೆ ಕಷ್ಟವಿತ್ತು. ಈಗ ಅವರ ಗಿರಾಕಿಗಳು ಬಟ್ಟೆ ವಾಪಸ್ ಒಯ್ಯುತ್ತಿದ್ದಾರೆ. ಊರು ಕೆಡದಿರಲಿ ಎಂದು ಫಾದರ್ ನಿಮ್ಮನ್ನು ಕರೆದರೆ, ನೀವೇ ಊರು ಕೆಡಿಸುತ್ತಿದ್ದೀರಿ.

ಅಂಗಡಿಯ ಎದುರು ಕೂರುವುದನ್ನು ಇವತ್ತೇ ಬಿಡಿ. ಬದಲಿಗೆ ಒಂದು ವಿಷಯ ವಿಚಾರಿಸಿ. ಸೀರೆಗೆ ಏನೂ ಆಗದ ವಾರಗಳೂ ಇರಬೇಕಲ್ಲ? ಆ ವಾರ ಏನು ಬೇರೆ ಇತ್ತು?

ನಾಗವೇಣಿ


ಸೊರಬ
ಆಗಸ್ಟ್ 31, 2025

ನಾಗವೇಣಿ,

ಸಿಕ್ಕಿತು. ಈ ಸಲ ನಿಜವಾಗಿ.

ನೀನು ಹೇಳಿದ್ದನ್ನೇ ವಿಚಾರಿಸಿದೆ. ಜುಲೈಯಲ್ಲಿ ಚಿನ್ನಪ್ಪನಿಗೆ ಜ್ವರ ಬಂದು, ಕಾನ್ವೆಂಟಿನ ಸಿಸ್ಟರುಗಳು ಬಂದು ಸೀರೆ ಉಡಿಸಿದ್ದರಂತೆ. ಆಗ ಒಂದು ಎಳೆಯೂ ಕಿತ್ತಿಲ್ಲ. ಚಿನ್ನಪ್ಪ ಎದ್ದು ಬಂದು ಉಡಿಸಿದ ವಾರವೇ ಸೀರೆ ಬಾವಿಗೆ ಬಿದ್ದದ್ದು. ಹಾಗಾಗಿ ನಿನ್ನೆ ಶನಿವಾರ ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಕೂತು ಬಾಗಿಲನ್ನು ಬಿಟ್ಟು ಚಿನ್ನಪ್ಪನನ್ನೇ ನೋಡಿದೆ.

ಆ ಮನುಷ್ಯ ಯಾರ ಜೊತೆಯೂ ಮಾತಾಡುವವನಲ್ಲ. ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು, ಏಣಿಯ ಮೇಲೆ ನಿಂತು, ನಿರಿಗೆಯನ್ನು ಬೆರಳಲ್ಲಿ ಒತ್ತಿ ಒತ್ತಿ ಹಿಡಿದ. ಕೆಳಗಿಳಿದು ದೂರ ನಿಂತು ನೋಡಿದ. ಮತ್ತೆ ಹತ್ತಿ, ಭುಜದ ಮೇಲೆ ಸೆರಗನ್ನು ಅಂಗೈಯಿಂದ ಸವರಿ ಕೂರಿಸಿದ. ಅಷ್ಟು ಮೃದುವಾದ ಕೈಯನ್ನು ನಾನು ಗಂಡಸರಲ್ಲಿ ಕಂಡಿಲ್ಲ. ಕಂಬದ ಪಕ್ಕದಲ್ಲಿ ಅವನ ಹೆಂಡತಿ ಲೂರ್ದಮ್ಮ ಪೊರಕೆ ಹಿಡಿದು ನಿಂತಿದ್ದಳು. ಕಸ ಗುಡಿಸುತ್ತಿರಲಿಲ್ಲ, ಗಂಡನ ಕೈಯನ್ನು ನೋಡುತ್ತಿದ್ದಳು. ಆ ಮುಖ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಇವತ್ತು ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಹೆರೆಯುವಾಗ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದ ಲೂರ್ದಮ್ಮನ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಅವಳು ಅಳಲೂ ಇಲ್ಲ, ಹೆದರಲೂ ಇಲ್ಲ.

"ಹೌದು ಸಾರ್, ನಾನೇ. ಕೊಡಪಾನ ಎತ್ತಿಕೊಡ್ತೀರಾ?"

"ಎಂತಕ್ಕೆ ಮಾಡಿದ್ರಿ?"

"ನೀವೂ ನೋಡಿದ್ರಲ್ಲ, ಅವ್ರು ನಿರಿಗೆ ಹಿಡಿಯೋದು. ನನ್ನ ಮದುವೆ ದಿನ ಸೆರಗು ಕಾಲಿಗೆ ಸಿಕ್ಕಿ ಈ ಚರ್ಚಿನ ಮೆಟ್ಟಿಲ ಮೇಲೇ ಬಿದ್ದೆ. ಅವ್ರು ತಿರುಗಿ ನೋಡ್ಲಿಲ್ಲ, ಮುಂದೆ ಹೋದ್ರು. ಅವತ್ತಿಂದ ಹಂಗೇ ಮುಂದೆ ಹೋಗ್ತಾನೇ ಇದಾರೆ."

"ಅದಕ್ಕೆ ಮಾತೆಯ ಸೀರೆ ಕತ್ತರಿಸೋದಾ?"

"ಮಾತೆ ಮೇಲೆ ನಂಗೆ ಸಿಟ್ಟಿಲ್ಲ ಸಾರ್. ಕೈ ಮುಗಿದು, ಹೇಳಿಯೇ ಕತ್ತರಿಸಿದೀನಿ. ಅವಳೂ ಹೆಂಗಸಲ್ವಾ, ತಿಳ್ಕೋತಾಳೆ."

"ಮತ್ತೆ ಗಾಜು?"

ಆಗ ಮಾತ್ರ ಅವಳು ಕೊಡಪಾನ ಕೆಳಗಿಟ್ಟಳು. "ಅವತ್ತು ಅವ್ರು ಏಣಿ ಮೇಲೆ ನಿಂತು, 'ಈ ಬಣ್ಣ ನಿನಗೆ ಒಪ್ತದೆ' ಅಂದ್ರು. ಬಾಯಿ ಬಿಟ್ಟು ಅಂದ್ರು ಸಾರ್."

ನೋಡಿದೆಯಾ? ಉಸಿರಿಲ್ಲದ ಮೂರ್ತಿಯ ಮೇಲೆ ಹೊಟ್ಟೆಕಿಚ್ಚು! ಇಂಥ ಹುಚ್ಚನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರ ಎದುರು ಎದ್ದು ನಿಂತು ಅವಳ ಹೆಸರು ಹೇಳುತ್ತೇನೆ. ಗೌಸ್ ಮೇಲಿನ ಅಪವಾದವೂ ಹೋಗುತ್ತದೆ, ನನ್ನ ಹೆಸರೂ ನಾಲ್ಕು ಜನರ ಬಾಯಲ್ಲಿ ಬರುತ್ತದೆ. ನವೀನ್‌ಗೆ ಇದನ್ನೆಲ್ಲ ಹೇಳು, ಪತ್ತೇದಾರಿಕೆ ಅಂದರೆ ಏನೆಂದು ತಿಳಿಯಲಿ.

ನಿನ್ನ,
ಮಾಲತೇಶ


ಶಿಕಾರಿಪುರ
ಸೆಪ್ಟೆಂಬರ್ 3, 2025

ಇವರೇ,

ಈ ಪತ್ರ ಭಾನುವಾರದೊಳಗೆ ತಲುಪಲಿ ಎಂದು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಅವಳ ಹೆಸರನ್ನು ಹೇಳಬೇಡಿ. ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ.

ಹುಚ್ಚು ಎಂದು ಬರೆದಿದ್ದೀರಿ. ಅವಳು ಗಂಡನ ಹಿಂದೆ ಗಾಡಿ ಮರೆಯಲ್ಲಿ ನಿಂತಳೇ? ಅವನ ಫೋನ್ ತೆಗೆದು ನೋಡಿದಳೇ? ಕತ್ತರಿಸಿದ್ದು ಬಟ್ಟೆಯನ್ನು. ಅದೂ ಕೈ ಮುಗಿದು ಕೇಳಿಕೊಂಡು.

ನಿಜ ಹೇಳುತ್ತೇನೆ, ನಿಮ್ಮ ಪತ್ರ ಓದಿ ನನಗೆ ಮೊದಲು ಲೂರ್ದಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು. ತಿರುಗಿ ನೋಡದ ಗಂಡ! ಎಂಥ ನಿರಾಳ ಎನ್ನಿಸಿತು. ಆಮೇಲೆ ತಿಳಿಯಿತು, ಅವಳು ನನ್ನ ಕಥೆ ಕೇಳಿದರೆ ಅವಳಿಗೂ ನನ್ನ ಮೇಲೆ ಹಾಗೇ ಆಗುತ್ತದೆ. ಅಷ್ಟು ನೋಡುವ ಗಂಡ ಸಿಕ್ಕಿಯೂ ಬಿಟ್ಟು ಬಂದಳಲ್ಲ ಎನ್ನುತ್ತಾಳೆ.

ಫಾದರ್‌ಗೆ ಮಾತ್ರ ಗುಟ್ಟಾಗಿ ಹೇಳಿ. ಗೌಸಣ್ಣನ ತಪ್ಪಿಲ್ಲ ಎಂದು ಫಾದರ್ ಬಾಯಿಂದಲೇ ಬಂದರೆ ಊರು ನಂಬುತ್ತದೆ. ಇನ್ನು ಹಬ್ಬದ ಸೀರೆಯನ್ನು ಲೂರ್ದಮ್ಮನೇ ಉಡಿಸಲಿ. ಚಿನ್ನಪ್ಪ ಕೆಳಗೆ ನಿಂತು ಪಿನ್ನು ಕೊಡಲಿ.

ನಾಗವೇಣಿ


ಸೊರಬ
ಸೆಪ್ಟೆಂಬರ್ 9, 2025

ನಾಗವೇಣಿ,

ಹಬ್ಬ ಚೆನ್ನಾಗಿ ಆಯಿತು. ಭಾನುವಾರ ನಾನು ಎದ್ದು ನಿಲ್ಲಲಿಲ್ಲ. ಎದ್ದು ನಿಂತವರು ಫಾದರ್. "ತಪ್ಪು ಮಾಡಿದವರು ನನ್ನ ಹತ್ತಿರ ಒಪ್ಪಿಕೊಂಡಿದ್ದಾರೆ, ಹೊರಗಿನವರು ಯಾರೂ ಅಲ್ಲ. ಗೌಸ್ ಮೇಲೆ ಮಾತಾಡಿದವರು ಹೋಗಿ ಕ್ಷಮೆ ಕೇಳಿ," ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪೂಜೆ ಮುಗಿದ ಮೇಲೆ ಗೌಸ್ ಅಂಗಡಿಗೆ ಹೋದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತೆ. ಅವನೇ ಸ್ಟೂಲ್ ಹಾಕಿ, "ಕೂತ್ಕೊಳ್ರಿ ಸಾರ್. ಎದುರಿಗೆ ಕೂರೋದಕ್ಕಿಂತ ಒಳಗೇ ಕೂರೋದು ಚೆಂದ," ಎಂದ. ಯಾಸ್ಮೀನ್ ಚಹಾ ಕೊಟ್ಟಳು. ನಿನ್ನ ಎರಡು ರವಿಕೆ ಹೊಲಿದು ಇಟ್ಟಿದ್ದಾರೆ.

ಹಬ್ಬದ ಬೆಳಿಗ್ಗೆ ಲೂರ್ದಮ್ಮ ಏಣಿ ಹತ್ತಿದಳು. ನೀಲಿ ಸೀರೆ. ಅಭ್ಯಾಸವಿಲ್ಲದ ಕೈ, ನಿರಿಗೆ ಎರಡು ಸಲ ಕೆದರಿತು. ಕೆಳಗೆ ಪಿನ್ನು ಹಿಡಿದು ನಿಂತ ಚಿನ್ನಪ್ಪನಿಗೆ ಜೀವವೇ ಹೋದಂತಾಗಿತ್ತು. ಸೀರೆ ಹಾಳಾದೀತು ಎಂಬ ಭಯಕ್ಕೆ ಅವಳ ಕೈಯನ್ನೇ ನೋಡಿದ, ಆಮೇಲೆ ಮುಖ ನೋಡಿದ. ಅವಳು ಇಳಿಯುವಾಗ ಕಾಲು ತಪ್ಪಿದ್ದಕ್ಕೆ, "ನಿಧಾನ, ನಿಧಾನ," ಎಂದು ತೋಳು ಹಿಡಿದುಕೊಂಡ. ಅವಳು ಏಣಿಯ ಕೊನೆಯ ಮೆಟ್ಟಿಲ ಮೇಲೆಯೇ ಸ್ವಲ್ಪ ಹೊತ್ತು ನಿಂತಿದ್ದಳು.

ಇದೆಲ್ಲ ನಿನ್ನ ಯೋಚನೆ ಎಂದು ಫಾದರ್‌ಗೆ ಹೇಳಬೇಕೆಂದಿದ್ದೆ. ಹೇಳಲಿಲ್ಲ. ಅವರು ನಿನ್ನನ್ನು ಇನ್ನಷ್ಟು ಹೊಗಳುತ್ತಿದ್ದರು.

ನಾನು ಷರತ್ತನ್ನು ಮುರಿದಿಲ್ಲ. ನೆನಪಿರಲಿ.

ನಿನ್ನ,
ಮಾಲತೇಶ


ಶಿಕಾರಿಪುರ
ಸೆಪ್ಟೆಂಬರ್ 24, 2025

ಇವರೇ,

ಉತ್ತರ ತಡವಾಯಿತು. ನಿಮ್ಮ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ನಿಮ್ಮ ಹೆಸರು ಎತ್ತಿದರೆ ಪಾತ್ರೆ ಕುಕ್ಕುತ್ತಿದ್ದವಳು, "ಅವ್ನಿಗೂ ಒಂದಿಷ್ಟು ಬುದ್ಧಿ ಐತಿ ಬಿಡು," ಎಂದಳು. ಅವಳ ಬಾಯಲ್ಲಿ ಇದು ದೊಡ್ಡ ಮಾತು.

ಗೌಸಣ್ಣನ ಅಂಗಡಿಗೆ ಹೋದಿರಲ್ಲ, ಅದನ್ನು ಎರಡು ಸಲ ಓದಿದೆ. ನನ್ನ ಮನಸ್ಸು ಹಗುರಾಗಿದೆ. ಅಂಗಡಿಯಲ್ಲಿ ಮೊನ್ನೆ ಒಂದು ವಿಷಯಕ್ಕೆ ಎಲ್ಲರೂ ನಕ್ಕು ನಕ್ಕು ಸುಸ್ತಾದೆವು. ಎಷ್ಟು ದಿನವಾಗಿತ್ತು ಹಾಗೆ ನಕ್ಕು! ಏನೆಂದು ಬಂದಾಗ ಹೇಳುತ್ತೇನೆ.

ಹಬ್ಬ ಹತ್ತಿರ ಬಂತು. ಹಂಡೆಯನ್ನು ತೊಳೆಸಿಡಿ. ನೀರು ತುಂಬುವ ದಿನ ನಾನಿರುತ್ತೇನೆ.

ನಿಮ್ಮ,
ನಾಗವೇಣಿ


ಸೊರಬ
ಅಕ್ಟೋಬರ್ 7, 2025

ನಾಗವೇಣಿ,

ಹಂಡೆ ತೊಳೆಸಿದ್ದೇನೆ. ಹುಣಸೆಹಣ್ಣು ಹಚ್ಚಿ ನಾನೇ ತಿಕ್ಕಿದೆ.

ನಿನ್ನ ಪತ್ರ ಓದಿ ಸಂತೋಷವಾಯಿತು. 'ಎಲ್ಲರೂ ನಕ್ಕೆವು' ಎಂದಿದ್ದೀಯ. ಎಲ್ಲರೂ ಎಂದರೆ ಯಾರ್ಯಾರು ಎಂದು ನಾನು ಕೇಳುವುದಿಲ್ಲ. ಬಂದಾಗ ಹೇಳುತ್ತೇನೆ ಎಂದರೆ ಅದು ಪತ್ರದಲ್ಲಿ ಬರೆಯಲಾಗದಂಥ ವಿಷಯವೇ ಎಂದೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ನೀನು ನಕ್ಕು ಸುಸ್ತಾದದ್ದು ನನಗೆ ನೆನಪಿಲ್ಲ, ಅಷ್ಟೇ. ನೀನು ಎಲ್ಲಿದ್ದರೂ ನಗುನಗುತ್ತಾ ಇರಬೇಕೆಂಬುದೇ ನನ್ನ ಆಸೆ.

ಹೋದ ವಾರ ಶಿರಾಳಕೊಪ್ಪಕ್ಕೆ ಹೋಗಿದ್ದೆ. ಆನಂದಪ್ಪ ಎನ್ನುವವರು ಮಗಳಿಗೆ ನೋಡಿದ ಗಂಡಿನ ವಿಚಾರಣೆ. ಹುಡುಗ ಪರವಾಗಿಲ್ಲ, ಆದರೆ ಸಿಟ್ಟು ಜಾಸ್ತಿ ಎಂದು ಬರೆದುಕೊಟ್ಟೆ. ಲೂರ್ದಮ್ಮ ಸಂತೆಯಲ್ಲಿ ಸಿಕ್ಕಿದ್ದಳು. ಚಿನ್ನಪ್ಪ ಜೊತೆಗೇ ಚೀಲ ಹಿಡಿದು ನಡೆಯುತ್ತಿದ್ದ. ಹತ್ತು ಹೆಜ್ಜೆ ಮುಂದಲ್ಲ, ನಾಲ್ಕು ಹೆಜ್ಜೆ ಮುಂದೆ.

ಮಳೆ ನಿಂತಿದೆ. ಮನೆ ಬಿಕೋ ಎನ್ನುತ್ತದೆ. ಬೇಗ ಬಾ. ಪತ್ರ ಉದ್ದವಾಯಿತು, ನನ್ನ ಅಕ್ಷರವೂ ಸಣ್ಣದು. ಕನ್ನಡಕ ಹಾಕಿಕೊಂಡೇ ಓದು, ಇಲ್ಲದಿದ್ದರೆ ಮೊದಲಿನ ಹಾಗೆ ತಲೆನೋವು ಬಂದೀತು.

ನಿನ್ನವನೇ ಆದ,
ಮಾಲತೇಶ


ಶಿಕಾರಿಪುರ
ಅಕ್ಟೋಬರ್ 14, 2025

ಸೊರಬದ ಪತ್ತೇದಾರರಿಗೆ,

ಬ್ಯಾಗಿಗೆ ಬಟ್ಟೆ ತುಂಬಿಸಿ ಇಟ್ಟಿದ್ದೆ. ನಿಮ್ಮ ಪತ್ರವನ್ನು ಅಕ್ಕನಿಗೆ ಓದಿ ಹೇಳುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಅಕ್ಕ ಕೇಳಿದಳು, "ನಿಂಗ್ಯಾವಾಗ ಕನ್ನಡಕ ಬಂತೇ?"

ಅಕ್ಕನಿಗೆ ಗೊತ್ತಿರಲಿಲ್ಲ, ನೋಡಿ. ನನಗೆ ಕನ್ನಡಕ ಬಂದದ್ದು ಸೆಪ್ಟೆಂಬರ್‌ನಲ್ಲಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸು. ಅಕ್ಕ ಅಜ್ಜಿ ಎಂದು ಆಡಿಕೊಳ್ಳುತ್ತಾಳೆಂದು ಮನೆಗೆ ತರುತ್ತಿರಲಿಲ್ಲ. ರಸ್ತೆಯಲ್ಲಿ ಹಾಕಲು ನಾಚಿಕೆ. ಅಂಗಡಿಯ ಒಳಗೆ ಮಾತ್ರ ಹಾಕುತ್ತೇನೆ. ನಿಮಗೂ ಬರೆದಿರಲಿಲ್ಲ, ಹಬ್ಬಕ್ಕೆ ಹಾಕಿಕೊಂಡು ಬಂದು ನಿಮ್ಮ ಮುಖ ನೋಡೋಣ ಎಂದಿದ್ದೆ. ಅಂಗಡಿಯ ಒಳಗೆ ನಾನು ಕೂರುವ ಜಾಗ ಕಾಣುವುದು ಒಂದೇ ಕಡೆಯಿಂದ, ಎದುರಿನ ಬೇಕರಿಯ ಮೂಲೆ ಟೇಬಲ್ಲಿನಿಂದ. ಶಿರಾಳಕೊಪ್ಪದಿಂದ ಇಲ್ಲಿಗೆ ಬಸ್ಸು ಎಷ್ಟು ಬೇಕಾದರೂ ಇವೆ.

ನೀವು ಬಂದು ಕೂತಿದ್ದಿರಾ ಎಂದು ಬೇಕರಿಯವರನ್ನು ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ. ಆ ಕೆಲಸ ನನಗೆ ಬೇಡ.

ನಾವು ನಕ್ಕದ್ದು ಯಾಕೆಂದು ಈಗಲೇ ಹೇಳಿಬಿಡುತ್ತೇನೆ. ಕನ್ನಡಕ ಹಾಕಿಕೊಂಡ ಮೊದಲ ದಿನ ಎದುರಿನ ಬೇಕರಿಯ ಬೋರ್ಡ್ ಓದಿದೆ. ಅಲ್ಲಿಯವರೆಗೆ ಅದನ್ನು ಔಷಧಿ ಅಂಗಡಿ ಎಂದುಕೊಂಡಿದ್ದೆ. ಕಣ್ಣಿನ ಡ್ರಾಪ್ಸ್ ಕೇಳಿ ಬಂದ ಅಜ್ಜನೊಬ್ಬರನ್ನು ಆಗಷ್ಟೇ ನಾನೇ ಅಲ್ಲಿಗೆ ಕಳಿಸಿದ್ದೆ, ನಾನು ಬೋರ್ಡ್ ಓದುವ ಹೊತ್ತಿಗೆ ಅವರು ಬನ್ನು ತಿನ್ನುತ್ತಾ ವಾಪಸ್ ಬಂದರು. ಇಷ್ಟಕ್ಕೆ ನಕ್ಕದ್ದು. ನಾನು, ಆ ಅಜ್ಜ, ನವೀನ್, ಅವರ ಹೆಂಡತಿ. ಈ ನಗುವನ್ನು ನಿಮಗೆ ಕೊಡಬೇಕೆಂದು ಎತ್ತಿಟ್ಟುಕೊಂಡಿದ್ದೆ. ನೀವು ಅದರ ಹಿಂದೆಯೂ ಬಂದಿರಿ.

ನಾನು ಸಂಕಟದಲ್ಲಿದ್ದಾಗ ಮಾತು ಉಳಿಸಿಕೊಂಡಿರಿ. ನಕ್ಕೆ ಎಂದು ಬರೆದ ಕೂಡಲೇ ಮುರಿದಿರಿ. ನನಗೆ ತುಂಬಾ ನೋವಾಗಿದೆ. ಎರಡು ದಿನ ಅತ್ತಿದ್ದೇನೆ, ಅದನ್ನೂ ಬರೆದುಬಿಡುತ್ತೇನೆ. ಹಬ್ಬಕ್ಕೆ ಮನೆಗೆ ಬರುವುದಿಲ್ಲ. ಮಾತು ಮಾತೇ. ಬ್ಯಾಗಿನ ಬಟ್ಟೆ ತೆಗೆದಿಟ್ಟಿದ್ದೇನೆ.

ಆದರೆ ಈ ಭಾನುವಾರ ಬೆಳಗಿನ ಬಸ್ಸಿಗೆ ಸೊರಬಕ್ಕೆ ಬರುತ್ತೇನೆ. ಲೂರ್ದಮ್ಮನನ್ನು ನೋಡಬೇಕು, ಗೌಸಣ್ಣನ ಹತ್ತಿರ ರವಿಕೆ ತೆಗೆದುಕೊಳ್ಳಬೇಕು. ಸಂಜೆಯ ಬಸ್ಸಿಗೆ ವಾಪಸ್. ಇದನ್ನು ನಾನೇ ನಿಮಗೆ ತಿಳಿಸುತ್ತಿದ್ದೇನೆ, ನೀವು ಪತ್ತೆ ಮಾಡುವುದು ಏನೂ ಉಳಿದಿಲ್ಲ.

ಕನ್ನಡಕ ಹಾಕಿಕೊಂಡೇ ಇಳಿಯುತ್ತೇನೆ. ಯಾವ ಗಾಡಿಯ ಹಿಂದೆ ನಿಂತರೂ ನನಗೆ ಕಾಣುತ್ತೀರಿ, ಕಂಡರೆ ಹಾಗೇ ಮುಂದೆ ಹೋಗುತ್ತೇನೆ. ಬರುವುದಾದರೆ ಪೇಪರನ್ನು ಮನೆಯಲ್ಲೇ ಬಿಟ್ಟು, ಬಸ್ಸಿನ ಬಾಗಿಲಿಗೆ ಎದುರಾಗಿ ಬಂದು ನಿಲ್ಲಿ. ಕೈ ಎತ್ತಿ ಕರೆಯಿರಿ.

ಇಂತಿ,
ನಾಗವೇಣಿ